ಜರ್ಮನಿಗೆ ಬಂದ ಮೇಲೆ ನಮ್ಮವರು ಅನ್ನೋರನ್ನ ಹುಡುಕಿಕೊಳ್ಳುವುದು ಹೇಗೆ? ಕನ್ನಡ ಸಂಘವೋ, ಊರಿನ ಕ್ಲಬ್ಬೋ?

ಸಾಗರದವಳು
ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್‌ನಲ್ಲಿ. ಯಜಮಾನರದು ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಕೊಡುವ ಕೆಲಸದ ಪರವಾನಗಿ. ನನಗೂ ಕೆಲಸಕ್ಕೆ ಹೋಗಲು ಅನುಮತಿ ಇದೆ, ಆದರೆ ಜರ್ಮನ್ ಭಾಷೆ ಇನ್ನೂ ಎ2, ಅಂದರೆ ಎರಡನೇ ಹಂತ, ದಾಟಿಲ್ಲ. ಮಗಳಿಗೆ 3 ವರ್ಷ.

ಇಲ್ಲಿ ಗುರುತಿನವರಿಗೆ ಬರವಿಲ್ಲ. ಯುಗಾದಿ ಕಾರ್ಯಕ್ರಮಕ್ಕೆ ಹೋದೆವು, ಹೋಳಿಗೆ ಊಟ ಚೆನ್ನಾಗಿತ್ತು, ತುಂಬಾ ಜನ ಮಾತಾಡಿಸಿದರು, ವಾಟ್ಸಾಪ್ ಗುಂಪಿಗೆ ಸೇರಿಸಿದರು. ಆಮೇಲೆ ಗುಂಪಿನಲ್ಲಿ ದಿನಾ ಬರುವುದು ಅದೇ. ಮನೆ ಖಾಲಿ ಇದೆ, ಬೆಂಗಳೂರಿನಿಂದ ಯಾರಾದರೂ ಬರುತ್ತಿದ್ದೀರಾ, ಬ್ಯಾಗಿನಲ್ಲಿ ಎರಡು ಕೆಜಿ ಜಾಗ ಸಿಗುತ್ತಾ.

ಮೊನ್ನೆ ಯಜಮಾನರು ಪರಊರಿಗೆ ಹೋಗಿದ್ದಾಗ ರಾತ್ರಿ ಮಗಳಿಗೆ ಜ್ವರ ಏರಿತು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದೆ. ಅಷ್ಟು ಹೊತ್ತಿನಲ್ಲಿ ಎಬ್ಬಿಸಬಹುದಾದ ಒಂದು ಹೆಸರೂ ಇರಲಿಲ್ಲ. ಕೊನೆಗೆ ಹೊತ್ತಲ್ಲದ ಹೊತ್ತಿನ ಡಾಕ್ಟರ್ ಸಹಾಯವಾಣಿ 116117ಕ್ಕೆ ಫೋನ್ ಮಾಡಿ, ಅರ್ಧಂಬರ್ಧ ಜರ್ಮನ್‌ನಲ್ಲಿ ಹೇಳಿ, ಹೇಗೋ ಆಯ್ತು. ಮಗು ಈಗ ಚೆನ್ನಾಗಿದ್ದಾಳೆ.

ನೀವೆಲ್ಲ ಹೇಗೆ ಮಾಡಿಕೊಂಡಿರಿ? ನಮ್ಮವರ ಜೊತೆಗೇ ಇನ್ನೂ ಜಾಸ್ತಿ ಓಡಾಡಬೇಕಾ, ಇಲ್ಲಿಯವರ ಹತ್ತಿರ ಹೋಗಬೇಕಾ?

ನೀರ್‌ದೋಸೆ
ನಾವು ಸಿಂಡೆಲ್‌ಫಿಂಗೆನ್‌ನಲ್ಲೇ ಇದ್ದೀವಿ, ನಿಮ್ಮ ಪಕ್ಕದ ಊರು! ನನ್ನ ನಂಬರ್ ಕಳಿಸಿದ್ದೇನೆ. ಎಷ್ಟು ಹೊತ್ತಿಗಾದರೂ ಮಾಡಿ, ಸಂಕೋಚ ಬೇಡ.

ಆಡುಗೋಡಿ ಹುಡುಗ
ಸ್ಟುಟ್‌ಗಾರ್ಟ್ ಅಂದರೆ ಬೆಂಗಳೂರಿಗೆ ಹಳೇ ನಂಟು. ಬೆಂಗಳೂರಿನ ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ, 2008ರಲ್ಲಿ ಅದಕ್ಕೆ ಇಲ್ಲಿನ ಮೂಲ ಕಂಪನಿ ಬಾಷ್‌ನ ಹೆಸರೇ ಆಯಿತು. ನಮ್ಮ ದೊಡ್ಡಪ್ಪನ ಕಾಲದಿಂದಲೂ ಆಡುಗೋಡಿಯಿಂದ ತರಬೇತಿಗೆ ಅಂತ ಇಲ್ಲಿಗೆ ಬಂದು ಹೋಗುತ್ತಿದ್ದರು. ಅದಕ್ಕೇ ಇಂಜಿನಿಯರ್ ಆಗಿ ಬಂದವನಿಗೆ ಇಲ್ಲಿ ಮೊದಲ ದಿನವೇ ಹತ್ತು ಜನ ಸಿಗುತ್ತಾರೆ. ಕ್ಯಾಂಟೀನ್‌ನಲ್ಲಿ ಕನ್ನಡ ಕೇಳಿಸುತ್ತೆ.

ಕಷ್ಟ ಇರುವುದು ಜೊತೆಗೆ ಬಂದವರಿಗೆ. ಗಂಡನಿಗೆ ಸಿಕ್ಕ ಬಳಗ ಹೆಂಡತಿಗೆ ಎರಡನೇ ಕೈಯಿಂದ ಬರುತ್ತೆ. ಪಾರ್ಟಿಗೆ ಹೋದರೂ ಮಾತೆಲ್ಲ ಆಫೀಸಿನದೇ. ನನ್ನ ಹೆಂಡತಿ ಎರಡು ವರ್ಷ ಇದನ್ನು ಅನುಭವಿಸಿದಳು. ಮೇಡಂ, ನಿಮ್ಮದೇ ಆದ ಒಂದು ಬಳಗ ಮಾಡಿಕೊಳ್ಳಿ, ಯಜಮಾನರ ಮೂಲಕ ಬಂದದ್ದು ಸಾಲದು.

ಸಮಾಜಶಾಸ್ತ್ರ ಓದಿದವನು
ಇದರ ಬಗ್ಗೆ ಒಂದು ಹಳೆಯ ಸಂಶೋಧನೆ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವವರು 1973ರಲ್ಲಿ ಪ್ರಕಟಿಸಿದ್ದು. ಬಾಸ್ಟನ್ ಹತ್ತಿರದ ನ್ಯೂಟನ್‌ನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಕೇಳಿದರು: ಕೆಲಸದ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಆಗಾಗ ನೋಡುತ್ತಿದ್ದವರ ಮೂಲಕ ಸಿಕ್ಕಿದ್ದು ಶೇ. 16.7 ಜನರಿಗೆ ಮಾತ್ರ. ಅಪರೂಪಕ್ಕೆ ನೋಡುವವರಿಂದ ಶೇ. 27.8. ಉಳಿದವರಿಗೆಲ್ಲ ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯದವರಿಂದ. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತೆ. ಹೊಸ ಸುದ್ದಿ ಬರುವುದು ದೂರದವರಿಂದ.

ಅದಕ್ಕೇ ಆ ವಾಟ್ಸಾಪ್ ಗುಂಪನ್ನು ಹಗುರವಾಗಿ ನೋಡಬೇಡಿ. ಬಾಡಿಗೆ ಮನೆ, ಮಕ್ಕಳ ಡಾಕ್ಟರ್, ಕೆಲಸ ಎಲ್ಲ ಅಲ್ಲಿಂದಲೇ ಬರುತ್ತೆ.

ಬಾಣಂತಿ ಮನೆ
ಸರ್, ಅವರು ಕೇಳಿದ್ದು ಕೆಲಸದ ಸುದ್ದಿ ಅಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಯಾರು ಬರುತ್ತಾರೆ ಅಂತ. ನೀವು ಹೇಳಿದ ನ್ಯೂಟನ್‌ನವರೆಲ್ಲ ಒಳ್ಳೆ ಹುದ್ದೆಯ ಗಂಡಸರು ತಾನೇ? ಅವರ ಮಗುವಿಗೆ ಜ್ವರ ಬಂದಾಗ ನೋಡಿಕೊಂಡವರು ಯಾರು ಅಂತ ಯಾರಾದರೂ ಕೇಳಿದ್ರಾ?

ನನ್ನ ಎರಡನೇ ಹೆರಿಗೆ ಇಲ್ಲೇ ಆಯ್ತು. ಅಮ್ಮನಿಗೆ ವೀಸಾ ತಡವಾಯಿತು. ಮೊದಲ ವಾರ ದೊಡ್ಡವನನ್ನು ನೋಡಿಕೊಂಡು, ಮೆಣಸಿನ ಸಾರು ಮಾಡಿ ಕೊಟ್ಟವರು ಮೇಲಿನ ಮನೆಯ ತೆಲುಗು ಅಕ್ಕ. ಅವರ ಪರಿಚಯ ಆಗಿದ್ದು ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ. ಅಪರೂಪಕ್ಕೆ ಸಿಗುವ ನೂರು ಜನಕ್ಕಿಂತ ಅಂಥ ಒಬ್ಬರು ಸಾಕು.

ಸಮಾಜಶಾಸ್ತ್ರ ಓದಿದವನು
ಒಪ್ಪಿದೆ ಅಕ್ಕ. ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಆದರೆ ಸಾಗರದವರು ಕೆಲಸವನ್ನೂ ಹುಡುಕುತ್ತಾರಲ್ಲ, ಆಗ ನನ್ನ ಮಾತು ನೆನಪಿರಲಿ.

ಕುಡ್ಲದವ
ಗಲ್ಫ್‌ನವರಿಗೆ ನಿಮ್ಮ ಪ್ರಶ್ನೆಯೇ ವಿಚಿತ್ರ ಅನಿಸುತ್ತೆ. ನಾನು ದುಬೈ ದೇರಾದಲ್ಲಿ ಬೆಡ್ ಸ್ಪೇಸ್‌ನಲ್ಲಿದ್ದವ. ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಅಡುಗೆಗೆ ಪಾಳಿ. ಪುತ್ತೂರಿನವರು, ಕಾಪುವಿನವರು, ಬ್ಯಾರಿಗಳು, ಬಂಟರು, ಕ್ರಿಶ್ಚಿಯನ್ನರು ಎಲ್ಲ ಒಂದೇ ಬಾಣಲೆಯ ಊಟ. ಊರಲ್ಲಿ ಇಷ್ಟು ಹತ್ತಿರ ಕೂತಿರಲಿಲ್ಲ. ನಾನು ಬಂದದ್ದೇ ಚಿಕ್ಕಪ್ಪ ವೀಸಾ ಕೊಡಿಸಿ. ಚಿಕ್ಕಪ್ಪನನ್ನು ಕರೆಸಿಕೊಂಡವರು ಪಕ್ಕದ ಮನೆಯ ಅಬ್ಬು ಬ್ಯಾರಿಗಳು. ಹೀಗೆ ಒಂದು ಬೀದಿಗೆ ಬೀದಿಯೇ ಅಲ್ಲಿಗೆ ಬಂದಿದೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆಗ ಗೊತ್ತಾಗುತ್ತೆ ಬಳಗ ಅಂದರೆ ಏನು ಅಂತ. ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ದೂತಾವಾಸದ ಅನುಮತಿ, ವಿಮಾನದ ಕಾರ್ಗೋ. ಮನೆಯವರಿಗೆ ಇದೊಂದೂ ಗೊತ್ತಿರಲ್ಲ. ಇದನ್ನೆಲ್ಲ ಓಡಾಡಿ ಮಾಡಿಸುವ ಸಾಮಾನ್ಯ ಜನ ಇದ್ದಾರೆ. ಅಂಗಡಿಯವರು, ಟೈಪಿಂಗ್ ಸೆಂಟರಿನವರು, ಡ್ರೈವರ್‌ಗಳು. ಕೆಲಸಕ್ಕೆ ರಜೆ ಹಾಕಿ ಓಡುತ್ತಾರೆ. ದೂತಾವಾಸಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ, ಕೈಲಾಗದವರಿಗೆ ಅದರಿಂದ ಸಹಾಯ ಸಿಗುತ್ತೆ. ಆದರೆ ಅದಕ್ಕೆ ಅರ್ಜಿ ಹಾಕಿಸುವುದೂ ಇವರೇ.

ನೀವು ಯುರೋಪಿನವರು ಒಬ್ಬೊಬ್ಬರು ಒಂದೊಂದು ಮನೆ ಮಾಡಿಕೊಂಡು ಬಾಗಿಲು ಹಾಕಿಕೊಳ್ಳುತ್ತೀರಿ. ಅಲ್ಲಿಂದಲೇ ಕಷ್ಟ ಶುರು.

ಆಡುಗೋಡಿ ಹುಡುಗ
ಅಣ್ಣ, ಒಂದು ಕೋಣೆಯಲ್ಲಿ ಅಷ್ಟು ಜನ ಇರಬೇಕಾಗಿ ಬಂದದ್ದು ಸಂಬಳ ಕಡಿಮೆ ಅಂತ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆಗಲ್ಲ ಅಂತ. ಅದನ್ನು ಒಳ್ಳೆಯದು ಅಂತ ಹೇಗೆ ಹೇಳೋದು?

ಕುಡ್ಲದವ
ಒಳ್ಳೆಯದು ಅಂದೆನಾ? ಕಷ್ಟ ಇತ್ತು, ಅದಕ್ಕೇ ಜನ ಹತ್ತಿರ ಆದರು ಅಂದೆ. ಅಷ್ಟೇ.

ಫ್ರೀಮಾಂಟ್ ಅಜ್ಜ
ನಾನು ಅಮೆರಿಕಕ್ಕೆ ಬಂದದ್ದು 70ರ ದಶಕದ ಆರಂಭದಲ್ಲಿ. 1965ರ ವಲಸೆ ಕಾನೂನು ಬಂದ ಮೇಲೆ ನಮ್ಮಂಥವರಿಗೆ ಬಾಗಿಲು ತೆರೆದದ್ದು. ಆಗ ಹೊಸ ಊರಿಗೆ ಹೋದರೆ ಮೊದಲು ಮಾಡುತ್ತಿದ್ದ ಕೆಲಸ ಟೆಲಿಫೋನ್ ಡೈರೆಕ್ಟರಿ ತೆಗೆದು ರಾವ್, ಮೂರ್ತಿ, ಗೌಡ ಅಂತ ಹೆಸರು ಹುಡುಕುವುದು. ಸಿಕ್ಕರೆ ಫೋನ್. "ನೀವು ಮೈಸೂರು ಕಡೆಯವರಾ?" ಅಂತ ಕೇಳಿದರೆ ಸಾಕು, ಆ ಶನಿವಾರವೇ ಊಟಕ್ಕೆ ಕರೆಯುತ್ತಿದ್ದರು. ರಾವ್ ಅಂತ ಫೋನ್ ಮಾಡಿದರೆ ಆಂಧ್ರದವರು ಸಿಗುತ್ತಿದ್ದರು, ಅವರೂ ಕರೆಯುತ್ತಿದ್ದರು!

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲಿ ಹುಟ್ಟಿತು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕ ಸಂಸ್ಥೆಯ ಮೊದಲ ವಿಶ್ವ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಆಯಿತು. ಕೂಟ ದೊಡ್ಡದಾದಷ್ಟೂ ಮನೆಗೆ ಕರೆಯುವುದು ಕಡಿಮೆಯಾಯಿತು, ಇದು ನಾನು ಕಣ್ಣಾರೆ ಕಂಡದ್ದು. ಸಾವಿರ ಜನ ಸೇರುವ ಕಡೆ ಎಲ್ಲರೂ ಪ್ರೇಕ್ಷಕರು. ನಮ್ಮ ಕಾಲದಲ್ಲಿ ಮೂವತ್ತು ಜನ ಇದ್ದೆವು. ಚಿತ್ರಾನ್ನ ಕಲಸುವವಳೂ ಅವಳೇ, ನಾಟಕದ ನಾಯಕಿಯೂ ಅವಳೇ.

ತಂಗಿ, ನಿನಗೆ ನನ್ನ ಸಲಹೆ ಒಂದೇ. ಸಂಘಕ್ಕೆ ನೋಡಲು ಹೋಗಬೇಡ, ಕೆಲಸ ಮಾಡಲು ಹೋಗು. ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚಲು ನಿಲ್ಲು. ಹಾಲ್‌ನಲ್ಲಿ ಕೂತವರ ಹೆಸರು ನೆನಪಿರಲ್ಲ, ಜೊತೆಗೆ ಪಾತ್ರೆ ತೊಳೆದವರು ಮರೆಯುವುದಿಲ್ಲ.

ಎಚ್4
ಅಜ್ಜ ಹೇಳಿದ ಕಾಲ ಬೇರೆ. ನಾನು ನ್ಯೂಜೆರ್ಸಿಗೆ ಬಂದಾಗ ಎಚ್4 ವೀಸಾದವರು, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಜೊತೆಗೆ ಬಂದವರು, ಕೆಲಸ ಮಾಡುವ ಹಾಗೇ ಇರಲಿಲ್ಲ. 2015ರಲ್ಲಿ ಕೆಲವರಿಗೆ ಅವಕಾಶ ಕೊಟ್ಟರು, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ. ಬಿ.ಇ. ಓದಿ ಕಿಟಕಿ ಹತ್ತಿರ ಕೂತಿರುತ್ತಿದ್ದೆ. ಕಾರ್ ಓಡಿಸಲು ಬರುತ್ತಿರಲಿಲ್ಲ, ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಗ್ರಂಥಾಲಯ ಒಂದೇ. ಅಲ್ಲಿ ಹೊಸಬರಿಗೆ ಇಂಗ್ಲಿಷ್ ಮಾತಾಡುವ ಗುಂಪು ಇತ್ತು, ದುಡ್ಡಿಲ್ಲ, ಹೆಸರು ಬರೆಸಿದರೆ ಸಾಕು. ನನಗೆ ಇಂಗ್ಲಿಷ್ ಬರುತ್ತಿತ್ತು, ಆದರೂ ಹೋದೆ. ಕೊರಿಯಾದ ಒಬ್ಬಳು, ಪೆರು ದೇಶದ ಒಬ್ಬಳು ಅಲ್ಲೇ ಸಿಕ್ಕಿದ್ದು. ನನಗೆ ಕಾರ್ ಕಲಿಸಿದ್ದು ಆ ಪೆರುವಿನವಳು.

ಅದಕ್ಕೆ ಹೇಳ್ತೀನಿ, ನಮ್ಮವರು ಇಲ್ಲವೇ ಬಿಳಿಯರು ಅಂತ ಎರಡೇ ದಾರಿ ಇಲ್ಲ. ನಿಮ್ಮ ಹಾಗೆಯೇ ಹೊಸದಾಗಿ ಬಂದ ಬೇರೆ ದೇಶದವರು ಇದ್ದಾರೆ. ಅವರಿಗೂ ಯಾರೂ ಇರಲ್ಲ. ಬೇಗ ಹತ್ತಿರ ಆಗುತ್ತಾರೆ.

ಪಿಚ್ ಕ್ಯುರೇಟರ್
ಎಚ್4 ಹೇಳಿದ್ದು ನೂರಕ್ಕೆ ನೂರು ನಿಜ. ಜರ್ಮನಿಯಲ್ಲಿ ನನ್ನ ಎಲ್ಲ ಗೆಳೆಯರೂ ಕ್ರಿಕೆಟ್‌ನಿಂದ ಬಂದವರು, ಅರ್ಧಕ್ಕರ್ಧ ಅಫ್ಘಾನ್ ಹುಡುಗರು. 2015ರ ಹೊತ್ತಿಗೆ ನಿರಾಶ್ರಿತರಾಗಿ ಅಷ್ಟು ಜನ ಬಂದ ಮೇಲೆ ಇಲ್ಲಿ ಕ್ರಿಕೆಟ್ ಸಿಕ್ಕಾಪಟ್ಟೆ ಬೆಳೆಯಿತು. ನಮ್ಮ ತಂಡದಲ್ಲಿ ಮಾತು ಹಿಂದಿ, ಉರ್ದು, ಜರ್ಮನ್ ಎಲ್ಲ ಕಲಸಿ. ಮನೆ ಬದಲಿಸುವಾಗ ವ್ಯಾನ್ ತಂದು ವಾಷಿಂಗ್ ಮಷೀನ್ ಮೂರನೇ ಮಹಡಿಗೆ ಹೊತ್ತವರು ಅವರೇ. ಕಾಬೂಲಿ ಪಲಾವ್ ತಿನ್ನಿಸದೆ ನನ್ನನ್ನು ಬಿಡಲೇ ಇಲ್ಲ.

ದಾವಣಗೆರೆ ಬೆಣ್ಣೆ
ಹೆಂಗಸರಿಗೂ ಟೀಮ್ ಇದೆಯಾ?

ಪಿಚ್ ಕ್ಯುರೇಟರ್
ಇದೆ, ಆದರೆ ಎಲ್ಲ ಊರಲ್ಲಿ ಇಲ್ಲ. ಯಾವ ಊರು ಹೇಳಿ, ವಿಚಾರಿಸುತ್ತೇನೆ.

ಒಳಗಿನವ
ಯಾರೂ ಹೇಳದ ಮಾತು ಹೇಳುತ್ತೇನೆ. ಸಂಘಗಳಲ್ಲಿ ಊರಿನ ಗುಂಪುಗಾರಿಕೆ ಹಾಗೇ ಬಂದಿದೆ. ಮೊದಲ ಸಲ ಹೋದಾಗ "ನಿಮ್ಮದು ಯಾವ ಊರು" ಅಂದರು. ಹೇಳಿದೆ. "ಅಲ್ಲಿ ಯಾರ ಪೈಕಿ" ಅಂದರು. ಆಮೇಲೆ ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು ಅಂತ ತಾನಾಗೇ ತೀರ್ಮಾನ ಆಗಿತ್ತು. ಆರು ಸಾವಿರ ಕಿಲೋಮೀಟರ್‌ಗೂ ದೂರ ಬಂದು ಇದನ್ನು ಮತ್ತೆ ನೋಡಬೇಕಾ? ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಕಾರ್ಯದರ್ಶಿ
ನೀವು ಹೇಳಿದ್ದು ನಡೆಯುತ್ತೆ, ಅಲ್ಲಗಳೆಯಲ್ಲ. ಅಂಥ ಪ್ರಶ್ನೆ ಕೇಳಿದವರನ್ನು ನಾನೇ ಎದುರಿಗೆ ತಡೆದದ್ದುಂಟು. ಆದರೆ ಬಿಟ್ಟು ಹೋದರೆ ಉಳಿಯುವುದು ಅವರೇ ತಾನೇ?

ಇನ್ನೊಂದು ಕಡೆಯದನ್ನೂ ಕೇಳಿ. ಸಂಘ ನಡೆಸುವವರಿಗೆ ಸಂಬಳ ಇಲ್ಲ. ಹಾಲ್ ಬಾಡಿಗೆ, ವಿಮೆ, ಲೆಕ್ಕಪತ್ರ, ಅಡುಗೆಯವರು, ಎಲ್ಲ ಆಫೀಸು ಮುಗಿಸಿ ರಾತ್ರಿ ಮಾಡುವ ಕೆಲಸ. ಟಿಕೆಟ್ ಜಾಸ್ತಿ ಅಂತ ಬೈಯುವವರು ಬೇಕಾದಷ್ಟು, ಕುರ್ಚಿ ಜೋಡಿಸಲು ಬನ್ನಿ ಅಂದರೆ ಬರುವವರು ನಾಲ್ಕು. ನಮ್ಮ ಮಕ್ಕಳ ಕನ್ನಡ ತರಗತಿ ಮಾತ್ರ ಎರಡು ವಾರಕ್ಕೊಮ್ಮೆ ತಪ್ಪದೆ ನಡೆಯುತ್ತೆ. ಅಲ್ಲಿ ಬಾಗಿಲ ಹೊರಗೆ ಕಾಯುವ ಅಪ್ಪ ಅಮ್ಮಂದಿರು ಈಗ ಅಣ್ಣ ತಮ್ಮಂದಿರ ಹಾಗಿದ್ದಾರೆ. ಯುಗಾದಿ, ರಾಜ್ಯೋತ್ಸವದಲ್ಲಿ ಅದು ಆಗಲ್ಲ, ನಿಜ.

ಒಳಗಿನವ
ಮಕ್ಕಳ ತರಗತಿ ಇದೆ ಅಂತ ಗೊತ್ತಿರಲಿಲ್ಲ. ಎಲ್ಲಿ ನಡೆಯುತ್ತೆ? ಮಗನಿಗೆ ಓದಲು ಕಲಿಸಬೇಕು ಅಂತ ಆಸೆ ಇದೆ.

ಕಾರ್ಯದರ್ಶಿ
ವಿಳಾಸ ಕಳಿಸಿದ್ದೇನೆ. ಬನ್ನಿ, ನಾನೇ ಬಾಗಿಲಲ್ಲಿ ಸಿಗುತ್ತೇನೆ.

ಕೋಲಾರದ ತಮಿಳಣ್ಣ
ಸ್ವಲ್ಪ ಪಕ್ಕದವರನ್ನೂ ನೋಡೋಣ. ಹಾಮ್ ಅನ್ನುವ ಊರಲ್ಲಿ ಕಾಮಾಕ್ಷಿ ಅಮ್ಮನ ದೊಡ್ಡ ದೇವಸ್ಥಾನ ಇದೆ, ದಕ್ಷಿಣದ ಶೈಲಿಯ ಗೋಪುರ. 2002ರಲ್ಲಿ ಪ್ರತಿಷ್ಠೆ ಆಯ್ತು. ಕಟ್ಟಿದವರು ಶ್ರೀಲಂಕಾದ ತಮಿಳರು. 1983ರ ಗಲಭೆ ಆದಮೇಲೆ ನಿರಾಶ್ರಿತರಾಗಿ ಬಂದವರು. ಹೋಟೆಲಿನಲ್ಲಿ ಪಾತ್ರೆ ತೊಳೆದು, ಕಾರ್ಖಾನೆಯಲ್ಲಿ ದುಡಿದು ಕಟ್ಟಿದರು. ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ, ಸಾವಿರಾರು ಜನ ಸೇರುತ್ತಾರೆ, ಪಕ್ಕದ ಮನೆಯ ಜರ್ಮನರೂ ಬಂದು ನೋಡುತ್ತಾರೆ. ಅವರಿಗೆ ವಾಪಸ್ ಹೋಗುವ ದಾರಿ ಇರಲಿಲ್ಲ, ಹಾಗಾಗಿ ಇಲ್ಲೇ ಬೇರು ಬಿಟ್ಟರು. ನಾವು ಐದು ವರ್ಷ ಇದ್ದು ಹೋಗುತ್ತೇವೆ ಅಂದುಕೊಂಡೇ ಹದಿನೈದು ವರ್ಷ ಕಳೆಯುತ್ತೇವೆ. ಹೋಗುವವನು ಯಾರ ಜೊತೆ ಯಾಕೆ ಬೆರೆಯುತ್ತಾನೆ?

ಕೇರಳದ ನರ್ಸ್‌ಗಳೂ ಹಾಗೆಯೇ, 60ರ ದಶಕದಿಂದ ಚರ್ಚ್ ಮೂಲಕ ಬಂದವರು. ಆಸ್ಪತ್ರೆ, ಚರ್ಚ್ ಎರಡೂ ಕಡೆ ಇಲ್ಲಿಯವರ ಜೊತೆ ದಿನಾ ಓಡಾಟ. ಬಂದ ದಿನದಿಂದಲೇ ಭಾಷೆ ಬೇಕಾಯಿತು, ಕಲಿತರು.

ನೀರ್‌ದೋಸೆ
ತಾಜಾ ಕರಿಬೇವು, ನುಗ್ಗೆಕಾಯಿ ಸಿಗುವುದೂ ಆ ತಮಿಳರ ಅಂಗಡಿಯಲ್ಲೇ. ಯಾವ ದಿನ ಹೊಸ ಮಾಲು ಬರುತ್ತೆ ಅಂತ ಕೇಳಿಕೊಂಡು ಅವತ್ತೇ ಹೋಗಿ. ಬೇಗ ಖಾಲಿಯಾಗುತ್ತೆ.

ದಾವಣಗೆರೆ ಬೆಣ್ಣೆ
ಕರಿಬೇವಿಗೂ ಸ್ನೇಹಕ್ಕೂ ಏನು ಸಂಬಂಧ 🙂

ನೀರ್‌ದೋಸೆ
ಇದೆ! ಸಾಲಿನಲ್ಲಿ ನಿಂತಾಗಲೇ ನನಗೆ ಇಬ್ಬರು ಗೆಳತಿಯರು ಸಿಕ್ಕಿದ್ದು.

ಹಳ್ಳಿ ಬೆಂಕಿ ದಳ
ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಈ ವಿಷಯ ನನಗೆ ತುಂಬಾ ಹತ್ತಿರ.

ಜರ್ಮನರು ತಣ್ಣಗಿರುತ್ತಾರೆ ಅಂತ ನಮ್ಮವರು ಹೇಳುವುದು ಪೂರ್ತಿ ಸರಿಯಲ್ಲ. ಅವರು ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಗೆಳೆಯರಾಗುವುದಿಲ್ಲ. ಅವರ ಸ್ನೇಹಕ್ಕೆ ಒಂದು ಜಾಗ ಇದೆ, ಅದು ಫೆರೈನ್, ಅಂದರೆ ಸಂಘ. ಏಳು ಜನ ಸೇರಿದರೆ ನೋಂದಾಯಿಸಬಹುದು. ಆಟದ ಸಂಘಗಳೇ ದೇಶದಲ್ಲಿ 80,000ಕ್ಕೂ ಜಾಸ್ತಿ. ಇನ್ನು ಹಾಡಿಗೆ, ತೋಟಕ್ಕೆ, ಮೊಲ ಸಾಕುವವರಿಗೆ, ಎಲ್ಲದಕ್ಕೂ ಬೇರೆ ಬೇರೆ.

ನಾನು ಸೇರಿದ್ದು ನಮ್ಮ ಊರಿನ ಅಗ್ನಿಶಾಮಕ ದಳ. ಇಲ್ಲಿ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಸಂಬಳದವರಲ್ಲ, ಊರಿನ ಜನವೇ. ಬೇಕರಿಯವನು, ಮೇಷ್ಟ್ರು, ಬಡಗಿ. ಮೊದಮೊದಲು ನನಗೆ ಅವರ ಶ್ವಾಬಿಷ್, ಅಂದರೆ ಈ ಕಡೆಯ ಆಡುಮಾತಿನ ಜರ್ಮನ್, ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಅಭ್ಯಾಸದ ಸಂಜೆ ಪೈಪ್ ಬಿಚ್ಚು, ಸುತ್ತು, ತೊಳೆ, ಒಣಗಿಸು. ಅದಕ್ಕೆ ಭಾಷೆ ಅಷ್ಟಾಗಿ ಬೇಡ. ಕೆಲಸ ಮುಗಿದ ಮೇಲೆ ಒಂದು ಉದ್ದ ಮೇಜು, ಎಲ್ಲರೂ ಕೂರುತ್ತಾರೆ. ನಾನು ಬಿಯರ್ ಕುಡಿಯಲ್ಲ ಅಂದ ಮೇಲೆ ಮುಂದಿನ ಸಲದಿಂದ ನನ್ನ ಜಾಗದಲ್ಲಿ ಸೇಬಿನ ರಸದ ಬಾಟಲಿ ಇಟ್ಟಿರುತ್ತಿದ್ದರು, ಯಾರೂ ಏನೂ ಹೇಳಲಿಲ್ಲ. ಅಪ್ಪ ತೀರಿಕೊಂಡು ನಾನು ಊರಿಗೆ ಓಡಬೇಕಾದಾಗ ಬೆಳಗಿನ ಜಾವ ವಿಮಾನ ನಿಲ್ದಾಣಕ್ಕೆ ಬಿಟ್ಟವನು ಆ ಬಡಗಿ. ಮನೆಯ ಬೀಗದ ಕೈ, ಗಿಡಗಳು, ಟಪಾಲು, ಎಲ್ಲ ಅವನ ಹೆಂಡತಿ ನೋಡಿಕೊಂಡಳು.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರ 2018ರ ಅಧ್ಯಯನ ಒಂದಿದೆ. ಹೊಸ ಊರಿಗೆ ಬಂದವರನ್ನೇ ಕೇಳಿ ಮಾಡಿದ್ದು. ಪರಿಚಯ ಸ್ನೇಹದ ಕಡೆ ತಿರುಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕಂತೆ, ಸ್ನೇಹಿತರು ಅನ್ನಲು 90, ಆಪ್ತರು ಅನ್ನಲು 200 ದಾಟಬೇಕು. ಈಗ ಲೆಕ್ಕ ಹಾಕಿ. ವರ್ಷಕ್ಕೆ ಮೂರು ಹಬ್ಬದಲ್ಲಿ ನಾಲ್ಕು ನಾಲ್ಕು ಗಂಟೆ ಸಿಕ್ಕರೆ 50 ಆಗಲು ನಾಲ್ಕು ವರ್ಷ ಬೇಕು. ವಾರಕ್ಕೆ ಎರಡು ಗಂಟೆ ಅಂದರೆ ಆರು ತಿಂಗಳು. ಕನ್ನಡದವರೋ ಜರ್ಮನರೋ ಅನ್ನುವುದು ಆಮೇಲಿನ ಮಾತು. ಅದೇ ಜನ, ಅದೇ ಹೊತ್ತು, ಪ್ರತಿ ವಾರ. ಇದು ಇದ್ದರೆ ಮಾತ್ರ ಆಗುತ್ತೆ.

ಬಾಣಂತಿ ಮನೆ
ಇದನ್ನು ಓದಿ ಕಣ್ಣು ತುಂಬಿತು ಅಣ್ಣ.

ಸಮಾಜಶಾಸ್ತ್ರ ಓದಿದವನು
ಆ ಅಧ್ಯಯನದಲ್ಲಿ ಇನ್ನೊಂದು ಅಂಶ ಇದೆ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಸುಮ್ನೆ ಹರಟೆ, ಆಟ, ಊಟ, ಇವೇ ಹತ್ತಿರ ತರುವುದು. ನಿಮ್ಮ ದಳದಲ್ಲೂ ಪೈಪ್ ಸುತ್ತುವುದಕ್ಕಿಂತ ಆಮೇಲಿನ ಮೇಜೇ ಮುಖ್ಯ ಅಲ್ವಾ?

ಹಳ್ಳಿ ಬೆಂಕಿ ದಳ
ಪೈಪ್ ಸುತ್ತದವನನ್ನು ಆ ಮೇಜಿಗೆ ಕರೆಯಲ್ಲ ಸರ್. ಎರಡನ್ನೂ ಬೇರೆ ಮಾಡೋಕಾಗಲ್ಲ.

ಇಂಗ್ಲೆಂಡ್ ಡಾಕ್ಟ್ರು
ನಾವು ಡಾಕ್ಟರುಗಳು ಇಲ್ಲಿ ಸಣ್ಣ ಸಣ್ಣ ಊರಿನ ಆಸ್ಪತ್ರೆಗಳಿಗೆ ಚೆದುರಿ ಹೋಗುತ್ತೇವೆ, ಕೆಲವು ತಿಂಗಳಿಗೊಮ್ಮೆ ವರ್ಗಾವಣೆ ಬೇರೆ. ಬೇರು ಬಿಡಲು ಬಿಡುವುದೇ ಇಲ್ಲ. ನನಗೆ ಕೈ ಹಿಡಿದದ್ದು ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಹೋದ ಊರಲ್ಲೆಲ್ಲ ಇದೆ. ಶನಿವಾರ ಬೆಳಿಗ್ಗೆ 9ಕ್ಕೆ 5 ಕಿಲೋಮೀಟರ್, ದುಡ್ಡಿಲ್ಲ. ಓಡಲು ಆಗದವರು ನಡೆಯಬಹುದು, ಇಲ್ಲವೇ ನಿಂತು ಬಾರ್‌ಕೋಡ್ ಸ್ಕ್ಯಾನ್ ಮಾಡುವ ಸೇವೆ ಮಾಡಬಹುದು. ಸ್ಕ್ಯಾನ್ ಮಾಡುವವರಿಗೇ ಪರಿಚಯ ಬೇಗ ಆಗುತ್ತೆ. ಜರ್ಮನಿಯಲ್ಲೂ ಕೆಲವು ಊರಲ್ಲಿ ನಡೆಯುತ್ತೆ, ನೋಡಿ.

ಸಾಗರದವಳು
ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನೀರ್‌ದೋಸೆ ಅಕ್ಕನಿಗೆ ಆಗಲೇ ಫೋನ್ ಮಾಡಿ ಮಾತಾಡಿದೆ, ನಾವಿಬ್ಬರೂ ಶಿವಮೊಗ್ಗದ ಒಂದೇ ಕಾಲೇಜಿನವರು!

ಮಗಳನ್ನು ಕರೆದುಕೊಂಡು ಹೋಗಬಹುದಾದ್ದು ಏನಾದರೂ ವಾರವಾರ ಇದೆಯಾ? ಅವಳನ್ನು ಬಿಟ್ಟು ಎಲ್ಲೂ ಹೋಗೋಕಾಗಲ್ಲ. ಮತ್ತೆ ನನ್ನ ಜರ್ಮನ್ ಅಷ್ಟಕ್ಕಷ್ಟೇ.

ಹಳ್ಳಿ ಬೆಂಕಿ ದಳ
ನಿಮಗೆ ಹೇಳಿ ಮಾಡಿಸಿದ್ದು ಇದೆ. ಊರಿನ ವ್ಯಾಯಾಮ ಸಂಘದಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳು ಜೊತೆಗೆ ಬರುವ ತರಗತಿ ಇರುತ್ತೆ, ಎಲ್ಟರ್ನ್ ಕಿಂಡ್ ಟುರ್ನೆನ್ ಅಂತಾರೆ. ವಾರಕ್ಕೊಮ್ಮೆ. ಮಕ್ಕಳು ವ್ಯಾಯಾಮದ ಮ್ಯಾಟ್ ಮೇಲೆ ಉರುಳುವುದು, ಬೆಂಚಿನ ಮೇಲೆ ನಡೆಯುವುದು, ನೀವು ಕೈ ಹಿಡಿಯುವುದು. ಕೊನೆಗೆ ಎಲ್ಲ ಸಾಮಾನು ಎಲ್ಲರೂ ಸೇರಿ ಎತ್ತಿಡುತ್ತಾರೆ. ಆಗ ತಪ್ಪಿಸಿಕೊಂಡು ಹೊರಡಬೇಡಿ, ಮಾತು ಶುರುವಾಗುವುದೇ ಅಲ್ಲಿ.

ಎಚ್4
ಭಾಷೆ ಬರಲಿ ಆಮೇಲೆ ಹೋಗೋಣ ಅಂತ ಕಾಯಬೇಡಿ. ಹೋದರೇ ಬರೋದು.

ಬಾಣಂತಿ ಮನೆ
ಫೋಕ್ಸ್‌ಹೋಖ್‌ಶೂಲೆಯಲ್ಲಿ (ದೊಡ್ಡವರಿಗೆ ಪಾಠ ಹೇಳುವ ಊರಿನ ಶಾಲೆ) ಮುಂದಿನ ಹಂತದ ಬಿ1 ತರಗತಿಗೂ ಹೆಸರು ಬರೆಸಿ, ಆನ್‌ಲೈನ್ ಬೇಡ, ನೇರವಾಗಿ ಹೋಗುವಂಥದ್ದು. ನನ್ನ ಸಿರಿಯಾದ ಗೆಳತಿ ಅಲ್ಲೇ ಸಿಕ್ಕಿದ್ದು. ಒಂದು ಬೀಗದ ಕೈ ಯಾವಾಗಲೂ ಪಕ್ಕದ ಮನೆಯಲ್ಲಿ ಇರಲಿ. ಬೀಗದ ಕೈ ಕೊಟ್ಟ ಮೇಲೆ ಅವರೂ ನಿಮ್ಮನ್ನು ಬೇರೆ ಥರ ನೋಡುತ್ತಾರೆ.

ಆಡುಗೋಡಿ ಹುಡುಗ
ಸ್ಟುಟ್‌ಗಾರ್ಟ್ ಕಡೆಯ ಕೇರ್‌ವೋಖೆ ಮರೆಯಬೇಡಿ. ನಿಮ್ಮ ಪಾಳಿಯ ವಾರ ಬಾಗಿಲಿಗೆ ಒಂದು ಫಲಕ ತಗುಲಿಸಿರುತ್ತಾರೆ, ಮೆಟ್ಟಿಲು ಗುಡಿಸಿ ಒರೆಸಬೇಕು. ನಮ್ಮವರು ಬಹಳ ಜನ ಇದನ್ನು ಕಡೆಗಣಿಸುತ್ತಾರೆ. ಅಕ್ಕಪಕ್ಕದವರಿಗೆ ನಿಮ್ಮ ಮೇಲಿನ ಮೊದಲ ಅಭಿಪ್ರಾಯ ಅಲ್ಲೇ.

ಸಾಗರದವಳು
ಮೆಟ್ಟಿಲು ತಪ್ಪದೆ ಮಾಡ್ತೀನಿ! ಕೆಳಗಿನ ಮನೆಯ ಅಜ್ಜಿ ಒಂದು ದಿನ ಪೊರಕೆ ಹಿಡಿದು ಮೂಲೆ ಹೇಗೆ ಗುಡಿಸಬೇಕು ಅಂತ ತೋರಿಸಿಯೂ ಕೊಟ್ಟರು. ಬೀಗದ ಕೈ ಅವರನ್ನೇ ಕೇಳುತ್ತೇನೆ.

ವ್ಯಾಯಾಮ ತರಗತಿಗೆ ಮೊದಲೇ ದುಡ್ಡು ಕಟ್ಟಿ ಸದಸ್ಯರಾಗಬೇಕಾ? ಏನು ತೆಗೆದುಕೊಂಡು ಹೋಗಬೇಕು?

ಹಳ್ಳಿ ಬೆಂಕಿ ದಳ
ಬಹಳ ಕಡೆ ಒಂದೆರಡು ಸಲ ಸುಮ್ನೆ ಬಂದು ನೋಡಲು ಬಿಡುತ್ತಾರೆ. ಮೊದಲು ಒಂದು ಇಮೇಲ್ ಹಾಕಿ, ಜಾಗ ಇದೆಯಾ ಅಂತ ಕೇಳಿ. ಕೆಲವು ಕಡೆ ಕಾಯುವವರ ಪಟ್ಟಿ ಇರುತ್ತೆ, ಹೆಸರು ಈಗಲೇ ಕೊಡಿ. ಸದಸ್ಯತ್ವ ತೆಗೆದುಕೊಂಡರೆ ಬಿಡುವ ನಿಯಮ ಓದಿಕೊಳ್ಳಿ, ಸಾಮಾನ್ಯವಾಗಿ ವರ್ಷದ ಕೊನೆಗೆ ಬಿಡುವುದಾಗಿ ಮುಂಚೆಯೇ ಬರೆದು ತಿಳಿಸಬೇಕು. ಹೊರಗಿನ ಶೂ ಒಳಗೆ ಬಿಡಲ್ಲ, ಮಗಳಿಗೆ ಜಾರದ ಕಾಲುಚೀಲ ಇಲ್ಲವೇ ತೆಳು ವ್ಯಾಯಾಮದ ಶೂ. ನಿಮಗೂ ಒಂದು ಜೊತೆ.

ನೀರ್‌ದೋಸೆ
ನಾನೂ ಚಿಕ್ಕವನನ್ನು ಕರೆದುಕೊಂಡು ಬರ್ತೀನಿ. ಇಮೇಲ್‌ನಲ್ಲಿ ಇಬ್ಬರು ಮಕ್ಕಳು ಅಂತ ಬರೆಯಿರಿ.